ತರಗತಿಯ ಮೌನವೂ ಸಾಮಾಜಿಕ ಜಾಲತಾಣವೂ

ತರಗತಿಯಲ್ಲಿ ಅರವತ್ತು ಮಂದಿ ವಿದ್ಯಾರ್ಥಿಗಳಿದ್ದರೆ ಉಪಾಧ್ಯಾಯರ ಪ್ರಶ್ನೆಗೆ ಕೈಯೆತ್ತುವವರು ನಾಲ್ಕೈದು ಮಂದಿ. ನಾಳೆಯೂ ಕೈಯೆತ್ತುವವರು ಅವರೇ. ಮಿಕ್ಕವರ ಮೌನವನ್ನು ಅಜ್ಞಾನವೆಂದೋ ಔದಾಸೀನ್ಯವೆಂದೋ ಎಣಿಸುವುದು ವಾಡಿಕೆಯಾಗಿ ಹೋಗಿದೆ. ಆದರೆ ಬೋಧನವೃತ್ತಿಯಲ್ಲಿ ಕೂದಲು ನರೆತವರಾರೂ ಈ ಎಣಿಕೆಯನ್ನು ಪೂರ್ಣವಾಗಿ ಒಪ್ಪಲಾರರು. ಒಬ್ಬನಿಗೆ ಉತ್ತರ ತಿಳಿದಿದೆ. ತನ್ನ ಹಳ್ಳಿಯ ಉಚ್ಚಾರವನ್ನು ಕೇಳಿ ಪಕ್ಕದವರು ನಕ್ಕಾರೆಂಬ ಅಂಜಿಕೆ. ಇನ್ನೊಬ್ಬಳ ಮಾತು ತುಟಿಗೆ ಬರುವಷ್ಟರಲ್ಲಿ ಮುಂದಿನ ಬೆಂಚಿನವನು ಉತ್ತರ ಹೇಳಿ ಕುಳಿತಾಗಿದೆ. ಮತ್ತೊಬ್ಬನದು ನಿಧಾನವಾಗಿ ಮಾಗುವ ಬುದ್ಧಿ. ಗಂಟೆ ಹೊಡೆದು ಉಪಾಧ್ಯಾಯರು ಹೊರಟುಹೋದ ಮೇಲೆ ಅವನಿಗೆ ಸರಿಯಾದ ಪ್ರಶ್ನೆ ಹೊಳೆಯುತ್ತದೆ. ಪಾಠವೇನೋ ಎಲ್ಲರಿಗೂ ಸಮನಾಗಿ ನಡೆಯುತ್ತದೆ, ಚರ್ಚೆ ಮಾತ್ರ ಕೆಲವರ ಸ್ವತ್ತಾಗಿ ಉಳಿಯುತ್ತದೆ.

ಈ ಮೌನವನ್ನು ಮುರಿಯಲು ಸಾಮಾಜಿಕ ಜಾಲತಾಣಗಳನ್ನು ತರಗತಿಯ ಒಳಗೇ, ಪಾಠ ನಡೆಯುತ್ತಿರುವಾಗಲೇ ಬಳಸಿಕೊಳ್ಳಬಹುದೆಂಬ ವಾದ ಕೆಲವು ವರ್ಷಗಳಿಂದ ಕೇಳಿಬರುತ್ತಿದೆ. ಹಿರಿಯ ತಲೆಮಾರಿನ ಉಪಾಧ್ಯಾಯರು ಈ ಮಾತನ್ನು ಕೇಳಿದೊಡನೆ ಹುಬ್ಬು ಗಂಟಿಕ್ಕುತ್ತಾರೆ. ಕಿರಿಯರು ಕೇಳಿದೊಡನೆ ತಲೆದೂಗುತ್ತಾರೆ. ವಸ್ತುವನ್ನು ನೋಡದೆ ಗಂಟಿಕ್ಕುವುದೂ ತಲೆದೂಗುವುದೂ ವಿಚಾರವಂತರಿಗೆ ಒಪ್ಪುವಂಥದಲ್ಲ. ಆದಕಾರಣ ನಡೆದ ಪ್ರಯೋಗವೊಂದನ್ನು ಮುಂದಿಟ್ಟುಕೊಂಡು ಅದರ ಗುಣದೋಷಗಳನ್ನು ಪರಾಮರ್ಶಿಸುವುದು ಲೇಸು.

ಅಮೆರಿಕದ ಡಲ್ಲಾಸ್ ಪ್ರಾಂತದಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾನಿಲಯದಲ್ಲಿ ಮೋನಿಕಾ ರ್‍ಯಾಂಕಿನ್ ಎಂಬ ವಿದುಷಿ ಇತಿಹಾಸದ ಅಧ್ಯಾಪಕಿ. ಮೆಕ್ಸಿಕೋ ದೇಶದ ಚರಿತ್ರೆ ಅವರ ವಿಶೇಷ ವ್ಯಾಸಂಗದ ವಿಷಯ. 2009ರ ಮೊದಲ ಭಾಗದಲ್ಲಿ ಅವರಿಗೆ ಸುಮಾರು 90 ವಿದ್ಯಾರ್ಥಿಗಳಿದ್ದ, ಅಮೆರಿಕದ ಇತಿಹಾಸದ ಪ್ರವೇಶ ತರಗತಿಯೊಂದಿತ್ತು. ಮೆಟ್ಟಿಲು ಮೆಟ್ಟಿಲಾಗಿ ಆಸನಗಳಿರುವ ದೊಡ್ಡ ಸಭಾಂಗಣ. ಅಲ್ಲಿ ಚರ್ಚೆ ಎಂದರೆ ಮೂರು ನಾಲ್ಕು ಮಂದಿಯ ಮಾತು, ಉಳಿದವರದು ಶ್ರವಣ. ಆಗ ಟ್ವಿಟರ್ ಎಂಬ ಜಾಲತಾಣ ಹುಟ್ಟಿ ಮೂರು ವರ್ಷವಾಗಿತ್ತಷ್ಟೆ. ಅದರಲ್ಲಿ ಒಂದು ಸಂದೇಶಕ್ಕೆ 140 ಅಕ್ಷರಗಳ ಮಿತಿ. ಮೊಬೈಲಿನ ಕಿರುಸಂದೇಶಕ್ಕೆ ಇದ್ದ 160ರ ಮಿತಿಯಲ್ಲಿ ಬರೆದವರ ಹೆಸರಿಗೆಂದು 20ನ್ನು ತೆಗೆದಿಟ್ಟು ಮಿಕ್ಕುದನ್ನು ಮಾತಿಗೆ ಬಿಟ್ಟುಕೊಟ್ಟದ್ದರಿಂದ ಈ ಸಂಖ್ಯೆ ಬಂದಿತು.

ಪ್ರಯೋಗದ ಕ್ರಮ ಹೀಗಿತ್ತು. ವಾರವಾರಕ್ಕೂ ಒಂದೊಂದು ಗುರುತಿನ ಪದ, ಅಂದರೆ ಹ್ಯಾಷ್‌ಟ್ಯಾಗ್, ನಿಗದಿಯಾಗುತ್ತಿತ್ತು. ಆ ಪದವನ್ನು ಹೊತ್ತ ಸಂದೇಶಗಳೆಲ್ಲ ಒಂದೆಡೆ ಕೂಡಿ ಬರುತ್ತಿದ್ದವು. ವಿದ್ಯಾರ್ಥಿಗಳು ಮೂವರು ಐವರ ಸಣ್ಣ ಗುಂಪುಗಳಾಗಿ ಕುಳಿತು ಆ ವಾರ ಓದಿದ ವಿಷಯವನ್ನು ಮಾತನಾಡಿಕೊಳ್ಳುವರು. ತಮಗೆ ತೋರಿದ್ದನ್ನು ಬರೆದು ಕಳುಹಿಸುವರು. ಬರೆದುದು ಎದುರಿನ ತೆರೆಯ ಮೇಲೆ ಎಲ್ಲರಿಗೂ ಕಾಣುವುದು. ಸಹಾಯಕಿಯೊಬ್ಬರು ಸಂದೇಶಗಳ ಹರಿವನ್ನು ಗಮನಿಸುತ್ತಿದ್ದರೆ ಅಧ್ಯಾಪಕಿ ಗುಂಪಿನಿಂದ ಗುಂಪಿಗೆ ನಡೆದಾಡುತ್ತ ಮಾತನಾಡಿಸುತ್ತಿದ್ದರು. ಗಣಕಯಂತ್ರ ಉಳ್ಳವರು ಅದರಿಂದ, ಇಲ್ಲದವರು ಮೊಬೈಲಿನಿಂದ ಬರೆಯುತ್ತಿದ್ದರು. ಈ ಎರಡೂ ಇಲ್ಲದವರು ಕಾಗದದ ಮೇಲೆ ಬರೆದುಕೊಡಬಹುದಾಗಿತ್ತು. ಈ ಕೊನೆಯ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು.

ಫಲವೇನಾಯಿತು? ಎಂದೂ ಬಾಯಿಬಿಡದಿದ್ದವರು ಬರೆದರು. ಸಭಾಂಗಣದಿಂದ ಹೊರಬಿದ್ದ ಮೇಲೂ ಕೆಲವರು ಬರೆಯುತ್ತಲೇ ಇದ್ದರು. 140 ಅಕ್ಷರಗಳಲ್ಲಿ ಇತಿಹಾಸದ ಆಳಕ್ಕೆ ಇಳಿಯಲಾಗದೆಂಬ ಕೊರತೆಯನ್ನು ಅಧ್ಯಾಪಕಿಯೇ ಗುರುತಿಸಿದರು. ಅದೇ ಮಿತಿ ವಿದ್ಯಾರ್ಥಿಯನ್ನು ಮುಖ್ಯ ಅಂಶದ ಕಡೆಗೆ ದೂಡುತ್ತದೆಂಬ ಲಾಭವನ್ನೂ ಗುರುತಿಸಿದರು. ಎಲ್ಲವೂ ಅಚ್ಚುಕಟ್ಟಾಗಿ ನಡೆಯಿತೆಂದು ಅವರು ಹೇಳಿಕೊಳ್ಳಲಿಲ್ಲವೆಂಬುದು ಅವರ ಪ್ರಾಮಾಣಿಕತೆಗೆ ಸಾಕ್ಷಿ. ಹೊಸ ವಿಧಾನವನ್ನು ಪ್ರಚಾರ ಮಾಡುವವರಲ್ಲಿ ಈ ಗುಣ ಬಹು ವಿರಳ.

ಈ ಪ್ರಯತ್ನದ ಹಿಂದೆ ಬಂದ ಸಂಶೋಧನೆಗಳೂ ಗಮನಾರ್ಹ. 2011ರಲ್ಲಿ ರೆನಾಲ್ ಜುಂಕೊ ಮತ್ತು ಸಂಗಡಿಗರು ಕಾಲೇಜಿನ ಮೊದಲ ವರ್ಷದ 125 ವಿದ್ಯಾರ್ಥಿಗಳನ್ನು ಕುರಿತ ಅಧ್ಯಯನವೊಂದನ್ನು ಪ್ರಕಟಿಸಿದರು. ಪಾಠದ ಅಂಗವಾಗಿ ಟ್ವಿಟರನ್ನು ಬಳಸಿದ 70 ಮಂದಿಯಲ್ಲಿ, ಬಳಸದ 55 ಮಂದಿಗಿಂತ, ಕಲಿಕೆಯಲ್ಲಿ ತೊಡಗುವಿಕೆ ಹೆಚ್ಚಿತು, ಅಂಕಗಳೂ ಮೇಲಾದವು. ಆದರೆ ಅದೇ ಸಂಶೋಧಕರು 2013ರಲ್ಲಿ ಮತ್ತೊಮ್ಮೆ ನೋಡಿದಾಗ, ಅಧ್ಯಾಪಕರು ತಾವೂ ಜೊತೆಗೂಡಿ ಉತ್ತರಿಸದೆ, ವಿದ್ಯಾರ್ಥಿಗಳ ಇಷ್ಟಕ್ಕೆ ಬಿಟ್ಟ ಕಡೆ ಅಂಥ ಲಾಭ ಕಾಣಲಿಲ್ಲ. ಪ್ರಚಾರಕರು ಮೊದಲನೆಯ ಅಧ್ಯಯನವನ್ನು ಎತ್ತಿ ಹೇಳುವಷ್ಟು ಎರಡನೆಯದನ್ನು ಹೇಳುವುದಿಲ್ಲ. ಎರಡನ್ನೂ ಜೊತೆಗಿಟ್ಟು ಓದಿದವರಿಗೆ ತೋರುವುದೇನೆಂದರೆ, ಫಲ ಕೊಟ್ಟದ್ದು ಗುರುವಿನ ಗಮನ. ಆ ಗಮನ ಅಂದು ಜಾಲತಾಣದ ಮೂಲಕ ಹರಿಯಿತು.

ಚಿತ್ತಚಾಂಚಲ್ಯದ ಆಕ್ಷೇಪವನ್ನು ಎಲ್ಲರೂ ಬಲ್ಲರು. ಇತಿಹಾಸದ ಪ್ರಶ್ನೆಗೆಂದು ತೆರೆದ ಕಿಟಕಿಯ ಪಕ್ಕದಲ್ಲೇ ಕ್ರಿಕೆಟ್ಟಿನ, ಚಲಚ್ಚಿತ್ರದ ಕಿಟಕಿಗಳು ತೆರೆದಿರುತ್ತವೆ. ಕೆನಡಾ ದೇಶದಲ್ಲಿ 2013ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಪಾಠ ಕೇಳುತ್ತಲೇ ಗಣಕಯಂತ್ರದಲ್ಲಿ ಬೇರೆ ಕೆಲಸ ಮಾಡುತ್ತಿದ್ದವರು ಪರೀಕ್ಷೆಯಲ್ಲಿ ಶೇಕಡಾ 11ರಷ್ಟು ಹಿಂದೆಬಿದ್ದರು. ಅಂಥವರ ತೆರೆ ಕಣ್ಣಿಗೆ ಬೀಳುವಂತೆ ಹಿಂದೆ ಕುಳಿತು, ತಮ್ಮಷ್ಟಕ್ಕೆ ಕಾಗದದ ಮೇಲೆ ಟಿಪ್ಪಣಿ ಬರೆದುಕೊಳ್ಳುತ್ತಿದ್ದ ನಿರಪರಾಧಿಗಳು ಶೇಕಡಾ 17ರಷ್ಟು ಹಿಂದೆಬಿದ್ದರು! ಮಾಡಿದವನಿಗಿಂತ ನೋಡಿದವನಿಗೆ ನಷ್ಟ ಅಧಿಕ. ಆದರೆ ಈ ಆಕ್ಷೇಪವೊಂದನ್ನೇ ಹಿಡಿದು ಕೂರುವುದು ಸಲ್ಲದು. ಕಿಟಕಿಯಾಚೆಯ ಮಾವಿನ ಮರವನ್ನು ನೋಡುತ್ತ ಪಾಠ ಮರೆತ ಮಕ್ಕಳು ಎಲ್ಲ ಕಾಲದಲ್ಲೂ ಇದ್ದರು. ವಿಚಾರಿಸಬೇಕಾದ ದೋಷ ಇದಕ್ಕಿಂತ ಆಳದಲ್ಲಿದೆ.

ಅದಕ್ಕೆ ಬರುವ ಮುನ್ನ ಸಂಕ್ಷೇಪವನ್ನು ಕುರಿತು ಒಂದು ಮಾತು. 140 ಅಕ್ಷರಗಳಲ್ಲಿ ಏನು ಹೇಳಲು ಸಾಧ್ಯವೆಂದು ಮೂಗು ಮುರಿಯುವವರು ಸೂತ್ರಗ್ರಂಥಗಳ ನಾಡಿನಲ್ಲಿ ಹುಟ್ಟಿದವರೆಂಬುದನ್ನು ಮರೆತಂತಿದೆ. ಪಾಣಿನಿಯ ಎಷ್ಟೋ ಸೂತ್ರಗಳು ಹತ್ತು ಅಕ್ಷರವನ್ನೂ ಮುಟ್ಟುವುದಿಲ್ಲ. ಆದರೆ ಸೂತ್ರಕ್ಕೆ ಅಲ್ಪಾಕ್ಷರತೆಯೊಂದೇ ಲಕ್ಷಣವಲ್ಲ, ಅಸಂದಿಗ್ಧತೆಯೂ ಸಾರವತ್ತತೆಯೂ ಲಕ್ಷಣಗಳು. ಅದರ ಬೆನ್ನಿಗೆ ವಾರ್ತಿಕ ನಿಂತಿದೆ, ಪತಂಜಲಿಯ ಮಹಾಭಾಷ್ಯ ನಿಂತಿದೆ. ವಿದ್ಯಾರ್ಥಿಯ ಕಿರುವಾಕ್ಯಕ್ಕೆ ಆ ಗಂಟೆಯಲ್ಲೇ ಭಾಷ್ಯ ದೊರೆಯದಿದ್ದರೆ ಅದು ಸೂತ್ರವಾಗದೆ ಉದ್ಗಾರವಾಗಿ ಉಳಿಯುತ್ತದೆ. ಡಲ್ಲಾಸಿನ ಅಧ್ಯಾಪಕಿ ಗುಂಪುಗಳ ನಡುವೆ ನಡೆದಾಡುತ್ತಿದ್ದುದರ ಮರ್ಮ ಇದು.

ಕನ್ನಡ ಬಲ್ಲವರಿಗೆ ಇಲ್ಲಿ ಇನ್ನೊಂದು ಸ್ವಾರಸ್ಯವೂ ಇದೆ. ಯಂತ್ರದ ಲೆಕ್ಕದ ಅಕ್ಷರ ವ್ಯಾಕರಣದ ಅಕ್ಷರವಲ್ಲ. ಯಂತ್ರವು ಒತ್ತು, ಗುಣಿತದ ಚಿಹ್ನೆ, ಅನುಸ್ವಾರ, ಎಲ್ಲವನ್ನೂ ಬಿಡಿಬಿಡಿಯಾಗಿ ಎಣಿಸುತ್ತದೆ. ‘ಸ್ವಾತಂತ್ರ್ಯ’ ಎಂಬುದು ಛಂದಸ್ಸಿನವನಿಗೆ ಮೂರು ಅಕ್ಷರ, ಯಂತ್ರಕ್ಕೆ ಹನ್ನೊಂದು. ‘ಸ್ತ್ರೀ’ ಎಂಬ ಒಂದು ಅಕ್ಷರಕ್ಕೆ ಯಂತ್ರ ಆರರ ಸುಂಕ ಹಾಕುತ್ತದೆ. 2017ರಲ್ಲಿ ಮಿತಿ 280ಕ್ಕೆ ಏರಿದ ಮೇಲೆ ಕಷ್ಟ ಕಡಮೆಯಾಗಿದ್ದರೂ ಎಣಿಕೆಯ ಕ್ರಮ ಬದಲಾಗಲಿಲ್ಲ. ಸಂಯುಕ್ತಾಕ್ಷರಗಳಿಗೆ ಬೆದರಿದ ಬಾಲಕನು ಕನ್ನಡವನ್ನು ರೋಮನ್ ಲಿಪಿಯಲ್ಲಿ ಗೀಚತೊಡಗುತ್ತಾನೆ. ಅಲ್ಲಿ ‘ಕಲೆ’ಗೂ ‘ಕಳೆ’ಗೂ ಭೇದವಿಲ್ಲ, ‘ಮನ’ಕ್ಕೂ ‘ಮಣ’ಕ್ಕೂ ಭೇದವಿಲ್ಲ; ಹ್ರಸ್ವ ದೀರ್ಘಗಳು ಬರೆಯುವವನ ಮರ್ಜಿಗೆ ಬಿಟ್ಟವು. ತರಗತಿಯ ಚರ್ಚೆಯೆಲ್ಲ ಈ ಬರಹದಲ್ಲೇ ಸಾಗಿದರೆ ಲಕಾರ ಳಕಾರಗಳ ವಿವೇಕವನ್ನು ಕಳೆದುಕೊಂಡ ತಲೆಮಾರೊಂದು ಬೆಳೆಯುವುದೆಂಬ ಆತಂಕ ಪಂಡಿತರ ವೃಥಾ ಗೊಣಗಾಟವಲ್ಲ. ಅದಂತಿರಲಿ.

ಮುಖ್ಯ ದೋಷ ಯಾವುದೆಂದರೆ, ಸಾಮಾಜಿಕ ಜಾಲತಾಣವು ತರಗತಿಯ ಗೋಡೆಯನ್ನು ಕೆಡವುತ್ತದೆ. ಗೋಡೆಗಳನ್ನು ಕೆಡವುದು ಪುಣ್ಯಕಾರ್ಯವೆಂದು ಈಚೆಗೆ ನಂಬಿಕೆ ಬೆಳೆದಿದೆ. ಆದರೆ ತರಗತಿಯ ಗೋಡೆ ಇರುವುದು ಮಕ್ಕಳನ್ನು ಕೂಡಿಹಾಕಲಿಕ್ಕಲ್ಲ. ಅವರು ತಪ್ಪು ಮಾತನಾಡಲು ಒಂದು ನಿರ್ಭಯವಾದ ಎಡೆಯಿರಲೆಂದು. ಕಲಿಯುವವನಿಗೆ ತಪ್ಪು ಮಾಡುವ ಹಕ್ಕುಂಟು. ಆ ತಪ್ಪು ಮರೆತುಹೋಗಬೇಕೆಂಬ ಹಕ್ಕೂ ಉಂಟು. ಸ್ಲೇಟಿನ ಮೇಲೆ ಬರೆದುದು ಒದ್ದೆಬಟ್ಟೆಗೆ ಅಳಿಸಿಹೋಗುತ್ತಿತ್ತು. ಕಪ್ಪುಹಲಗೆಯ ಮೇಲಿನ ತಪ್ಪುಲೆಕ್ಕ ಮುಂದಿನ ಗಂಟೆಯ ಪಾಠಕ್ಕೆ ಮೊದಲೇ ಧೂಳಾಗಿ ಉದುರುತ್ತಿತ್ತು. ಹತ್ತೊಂಬತ್ತರ ಹರೆಯದಲ್ಲಿ ಆಡಿದ ಅರೆಬೆಂದ ಅಭಿಪ್ರಾಯಕ್ಕೆ ನಲವತ್ತರಲ್ಲಿ ಯಾರೂ ಉತ್ತರ ಕೇಳುತ್ತಿರಲಿಲ್ಲ.

ಡಲ್ಲಾಸಿನ ತರಗತಿ ನಡೆದ ಮರುವರ್ಷ, 2010ರ ಏಪ್ರಿಲಿನಲ್ಲಿ, ಒಂದು ಪ್ರಕಟಣೆ ಹೊರಬಿದ್ದಿತು. 2006ರಿಂದ ಟ್ವಿಟರಿನಲ್ಲಿ ಬಹಿರಂಗವಾಗಿ ಬರೆಯಲಾದ ಸಂದೇಶಗಳ ಸಮಸ್ತ ಸಂಗ್ರಹವನ್ನೂ ಅಮೆರಿಕದ ಕಾಂಗ್ರೆಸ್ ಗ್ರಂಥಾಲಯಕ್ಕೆ ದಾನವಾಗಿ ಕೊಡಲಾಗುವುದೆಂಬುದು ಆ ಪ್ರಕಟಣೆಯ ಸಾರ. ಎಲ್ಲವನ್ನೂ ಕೂಡಿಡುವ ಈ ಕ್ರಮ 2017ರ ಕೊನೆಯವರೆಗೂ ನಡೆದು, ಅನಂತರ ಆಯ್ದವಕ್ಕೆ ಸೀಮಿತವಾಯಿತು. ಇತಿಹಾಸದ ತರಗತಿಯಲ್ಲಿ ಕುಳಿತು ವಿದ್ಯಾರ್ಥಿಯೊಬ್ಬ ಆತುರದಲ್ಲಿ ಒಂದು ಸಾಲು ಬರೆದನೆನ್ನಿ. ಅವನಾಗಿ ಅಳಿಸಿರದಿದ್ದರೆ ಆ ಸಾಲು ರಾಷ್ಟ್ರದ ಭಂಡಾರವನ್ನೇ ಸೇರಿತು. ಆ ಭಂಡಾರ ಸಾರ್ವಜನಿಕರ ಓದಿಗೆ ತೆರೆದಿಲ್ಲವೆಂಬುದು ಸಮಾಧಾನವಾದೀತೆ? ಬರೆಯುವಾಗ ಅವನಿಗಾಗಲಿ, ಬರೆಯಿಸಿದ ಗುರುವಿಗಾಗಲಿ ಇದರ ಸುಳಿವೇ ಇರಲಿಲ್ಲ. ಅಂದು ಒಪ್ಪಿ ಪ್ರವೇಶಿಸಿದ ಆ ತಾಣದ ಒಡೆತನ 2022ರ ಅಕ್ಟೋಬರಿನಲ್ಲಿ ಬೇರೊಬ್ಬರ ಪಾಲಾಯಿತು. 2023ರ ಜುಲೈಯಲ್ಲಿ ಹೆಸರೂ ಹೋಗಿ ‘ಎಕ್ಸ್’ ಎಂದಾಯಿತು. ಬಾಡಿಗೆಯ ಅಂಗಳದಲ್ಲಿ ಪಾಠಶಾಲೆ ಹೂಡಿದವರಿಗೆ ಅಂಗಳದ ಒಡೆಯ ಯಾರಾದಾನೆಂಬ ಭರವಸೆ ಎಲ್ಲಿಯದು?

ಬಹಿರಂಗದ ಇನ್ನೊಂದು ಪರಿಣಾಮವನ್ನು ನ್ಯಾಯಶಾಸ್ತ್ರದ ಪರಿಭಾಷೆಯಲ್ಲಿ ಹೇಳಿದರೆ ಹೆಚ್ಚು ಸ್ಫುಟವಾಗುತ್ತದೆ. ವಿಚಾರಸಂವಾದವನ್ನು ನಮ್ಮ ಪೂರ್ವಿಕರು ವಾದ, ಜಲ್ಪ, ವಿತಂಡ ಎಂದು ಮೂರಾಗಿ ವಿಂಗಡಿಸಿದರು. ವಾದದ ಗುರಿ ತತ್ತ್ವನಿರ್ಣಯ. ಜಲ್ಪದ ಗುರಿ ಗೆಲವು. ವಿತಂಡಕ್ಕೆ ತನ್ನದೆಂಬ ಪಕ್ಷವೇ ಇಲ್ಲ, ಎದುರಾಳಿಯ ಪಕ್ಷವನ್ನು ಉರುಳಿಸಿದರೆ ಸಾಕು. ವಾದವನ್ನು ಯಾರೊಡನೆ ಮಾಡಬೇಕೆಂಬುದನ್ನೂ ಗೌತಮನ ನ್ಯಾಯಸೂತ್ರ ಹೇಳಿದೆ: ಶಿಷ್ಯನೊಡನೆ, ಗುರುವಿನೊಡನೆ, ಸಹಪಾಠಿಯೊಡನೆ, ಅಸೂಯೆಯಿಲ್ಲದ ಶ್ರೇಯಸ್ಕಾಮರೊಡನೆ. ಇದು ತರಗತಿಯ ವರ್ಣನೆಯಲ್ಲದೆ ಮತ್ತೇನು! ನೋಡುವ ಜನ ಸೇರಿದೊಡನೆ ವಾದವು ಜಲ್ಪದ ಕಡೆಗೆ ಜಾರುತ್ತದೆ. ಸಾಮಾಜಿಕ ಜಾಲತಾಣದಲ್ಲಿ ನೋಡುವ ಜನ ಎಂದೂ ಚದರದು. ಮೆಚ್ಚುಗೆಯ ಗುರುತುಗಳನ್ನು ಎಣಿಸಿ ತೋರಿಸುವ ವ್ಯವಸ್ಥೆ ಬೇರೆ. ಸಹಪಾಠಿಯನ್ನು ತಿಳಿಯಲೆಂದು ಬರೆಯತೊಡಗಿದ ಹುಡುಗ ಅವನನ್ನು ಸೋಲಿಸಲು ಬರೆಯುತ್ತಾನೆ. ಅಂಜಿ ಮೌನವಾಗಿದ್ದವರಿಗೆ ಬಾಯಿ ಕೊಡಲೆಂದು ತಂದ ಸಾಧನ ಕಡೆಗೆ ಗಟ್ಟಿಗಂಟಲಿನವರಿಗೇ ಇನ್ನೊಂದು ಧ್ವನಿವರ್ಧಕವಾದರೆ ಮೊದಲಿನ ಮೌನ ಇನ್ನಷ್ಟು ಗಾಢವಾಗುತ್ತದೆ.

ಡಲ್ಲಾಸಿನವರು ಕಾಲೇಜಿನ ಯುವಕರು, ವಯಸ್ಕರು. ಪ್ರೌಢಶಾಲೆಯ ಮಕ್ಕಳ ವಿಷಯದಲ್ಲಿ ಈ ಎಚ್ಚರ ಇಮ್ಮಡಿಸಬೇಕು. ಭಾರತದ ಸಂಸತ್ತು 2023ರಲ್ಲಿ ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯು 18 ತುಂಬದವರನ್ನು ಮಕ್ಕಳೆಂದೇ ಬಗೆದು, ಅವರ ಮಾಹಿತಿಯನ್ನು ಬಳಸಲು ತಂದೆತಾಯಿಗಳ ಒಪ್ಪಿಗೆ ಬೇಕೆಂದು ವಿಧಿಸಿದೆ. ಆಸ್ಟ್ರೇಲಿಯ ದೇಶವು 2024ರಲ್ಲಿ ಮಾಡಿದ ಶಾಸನದ ಪ್ರಕಾರ 16 ತುಂಬದವರು ಮುಖ್ಯ ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದುವಂತಿಲ್ಲ. 2025ರ ಡಿಸೆಂಬರಿನಲ್ಲಿ ಅದು ಜಾರಿಗೆ ಬಂದಿತು. ಅರಸುಗಳೇ ಬಾಗಿಲು ಹಾಕುತ್ತಿರುವಾಗ ಶಾಲೆಗಳು ಬಾಗಿಲು ತೆರೆದು ಮಕ್ಕಳನ್ನು ಒಳದೂಡುವುದು ವಿಪರ್ಯಾಸ.

ಕರ್ನಾಟಕದ ಶಾಲೆಗಳಿಗೆ ಈ ವಿಷಯ ದೂರದ ಕಥೆಯಲ್ಲ. 2020ರ ಮಾರ್ಚಿನಲ್ಲಿ ಕೊರೋನಾ ವ್ಯಾಧಿಯ ನಿಮಿತ್ತ ಶಾಲೆಗಳು ಮುಚ್ಚಿದಾಗ ವಾಟ್ಸ್‌ಆ್ಯಪ್ ಗುಂಪುಗಳೇ ಎಷ್ಟೋ ಕಡೆ ತರಗತಿಗಳಾದವು. ಮನೆಗೊಂದೇ ಮೊಬೈಲು, ಅದೂ ತಂದೆಯ ಜೇಬಿನಲ್ಲಿ ಹೊಲಕ್ಕೋ ಕೂಲಿಗೋ ಹೋಗಿಬಿಡುವುದು. ಮಗುವಿನ ಪಾಠ ಸಂಜೆ ಅವನು ಬಂದ ಮೇಲೆ. ಆಪತ್ಕಾಲದಲ್ಲಿ ಅದು ಆಪದ್ಧರ್ಮ. ಆಗ ದುಡಿದ ಉಪಾಧ್ಯಾಯರನ್ನು ಹೊಗಳಿದಷ್ಟೂ ಕಡಮೆ. ಆದರೆ ಶಾಲೆ ತೆರೆದ ಮೇಲೆಯೂ ಆ ಗುಂಪುಗಳು ಅನೇಕ ಕಡೆ ಉಳಿದಿವೆ. ಮೊಬೈಲಿಲ್ಲದ ಮಗು, ವಿದ್ಯಾರ್ಥಿನಿಲಯದಲ್ಲಿದ್ದು ಓದುವ ಮಗು, ಹಾಸ್ಯಕ್ಕಂಜಿ ಬರೆಯದ ಮಗು, ಈ ಮೂವರೂ ಅದರಿಂದ ಹೊರಗೆ. ಮೊದಲು ಒಂದು ಬಗೆಯ ಮೌನಿಗಳಿದ್ದರು. ಈಗ ಎರಡು ಬಗೆಯವರಾದರು.

ಹಾಗಾದರೆ 2009ರ ಆ ಪ್ರಯತ್ನವನ್ನು ತಿರಸ್ಕರಿಸಬೇಕೆ? ಕೂಡದು. ಅದರ ತಿರುಳನ್ನು ಚಿಪ್ಪಿನಿಂದ ಬಿಡಿಸಬೇಕು. ಆ ಅಧ್ಯಾಪಕಿ ಕಂಡುಕೊಂಡ ಉಪಾಯ ಇಷ್ಟು: ಪ್ರತಿಯೊಬ್ಬರೂ, ಏಕಕಾಲದಲ್ಲಿ, ಚಿಕ್ಕದಾಗಿ ಬರೆಯಲಿ; ಬರೆದುದು ಎಲ್ಲರ ಕಣ್ಣಿಗೂ ಬೀಳಲಿ; ಗುರು ಅದನ್ನು ಎತ್ತಿಕೊಂಡು ಮುಂದುವರಿಸಲಿ. ಇದರಲ್ಲಿ ಯಾವ ಅಂಶಕ್ಕೂ ಜಾಲತಾಣ ಅನಿವಾರ್ಯವಲ್ಲವೆಂಬುದನ್ನು ಅವರ ತರಗತಿಯೇ ತೋರಿಸಿಕೊಟ್ಟಿದೆ, ಏಕೆಂದರೆ ಅಲ್ಲಿ ಕಾಗದದ ಮೇಲೆ ಬರೆದುಕೊಟ್ಟವರಿಗೂ ಚರ್ಚೆಯಲ್ಲಿ ಪಾಲಿತ್ತು. ಕಂಪನಿಯು ಕೊಟ್ಟದ್ದು ವೇಗ. ಪಾಲು ಕೊಟ್ಟದ್ದು ಗುರು. ಶ್ಲಾಘನೆಯೆಲ್ಲ ಕಂಪನಿಗೆ ಸಂದು, ಗುರುವಿನ ಹೆಸರು ಅಡಿಟಿಪ್ಪಣಿಗೆ ಇಳಿದುದು ಈ ಕಾಲದ ರೀತಿ.

ಬೆರಳಗಲದ ಚೀಟಿಯೊಂದನ್ನು ಕೈಗೆ ಕೊಟ್ಟು ಎರಡು ವಾಕ್ಯ ಬರೆಯಹೇಳಿದರೆ ಕೊನೆಯ ಬೆಂಚಿನವನೂ ಬರೆಯುತ್ತಾನೆ. ಹೆಸರು ಹಾಕಬೇಕೆಂಬ ನಿರ್ಬಂಧ ಬೇಡ. ಆಯ್ದ ಐದಾರು ಚೀಟಿಗಳನ್ನು ಉಪಾಧ್ಯಾಯರು ಗಟ್ಟಿಯಾಗಿ ಓದಿ, ಬರೆದವನಾರೆಂದು ಕೇಳದೆ, ಬರೆದುದನ್ನು ಹಲಗೆಗೆ ಏರಿಸಿದರೆ ಚರ್ಚೆ ತಾನಾಗಿ ಹೊತ್ತಿಕೊಳ್ಳುತ್ತದೆ. ಕನ್ನಡ ಲಿಪಿಯಲ್ಲೇ ಬರೆದುದಾದುದರಿಂದ ಳಕಾರದ ತಪ್ಪು ಅಲ್ಲೇ ತಿದ್ದುಗೊಳ್ಳುವುದು ಹೆಚ್ಚುವರಿ ಲಾಭ. ಇದಕ್ಕೆ ಎದುರಾಡುವವರು, ಅರವತ್ತು ಚೀಟಿಗಳನ್ನು ಓದುವ ವ್ಯವಧಾನ ನಲವತ್ತು ನಿಮಿಷದ ಗಂಟೆಯಲ್ಲಿ ಎಲ್ಲಿದೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ದಿನವೂ ಆಗದು, ವಾರಕ್ಕೊಮ್ಮೆ ಆದೀತು. ಓದಲಾಗದೆ ಉಳಿದ ಚೀಟಿಗಳನ್ನು ಉಪಾಧ್ಯಾಯರು ಮನೆಗೆ ಒಯ್ಯಬೇಕಾದೀತು. ಪಠ್ಯ ಮುಗಿಸುವ ಓಟದಲ್ಲಿ ಏದುಸಿರು ಬಿಡುತ್ತಿರುವವರಿಗೆ ಇದು ಹೊರೆ. ಆ ಹೊರೆಯನ್ನು ಇಳಿಸಲು ಯಂತ್ರಕ್ಕಿಂತ ಮೊದಲು ಕಡಮೆ ಮಕ್ಕಳಿರುವ ತರಗತಿಗಳು ಬೇಕು. ಆಡಳಿತ ಮಂಡಲಿಗಳು ಗೋಡೆಗೊಂದು ಹೊಳೆಯುವ ತೆರೆಯನ್ನು ತಂದು ನೇತುಹಾಕುವಷ್ಟು ಉತ್ಸಾಹವನ್ನು ಇನ್ನೊಬ್ಬ ಉಪಾಧ್ಯಾಯನ ನೇಮಕದಲ್ಲಿ ತೋರುವುದು ಅಪರೂಪ.

ಚೀಟಿಯೂ ಕೊನೆಯ ನಿಲ್ದಾಣವಲ್ಲ. ಬರೆದು ಕೊಟ್ಟವನು ಎಂದೆಂದಿಗೂ ಬರೆದೇ ಕೊಡುತ್ತಿದ್ದರೆ ಅವನ ಅಂಜಿಕೆಗೆ ಒಂದು ಚೆಂದದ ಹೊದಿಕೆ ಹೊದಿಸಿದಂತಾಯಿತಷ್ಟೆ. ನ್ಯಾಯಾಲಯದಲ್ಲಿ, ಪಂಚಾಯತಿಯಲ್ಲಿ, ಸಂದರ್ಶನದ ಮೇಜಿನ ಮುಂದೆ, ನಾಳೆ ಅವನು ಬಾಯಿಬಿಟ್ಟು ಮಾತನಾಡಬೇಕು. ಹಿಂದಿನ ಪಾಠಶಾಲೆಗಳ ವಾಕ್ಯಾರ್ಥಗೋಷ್ಠಿಯಲ್ಲಿ ಕಿರಿಯ ವಿದ್ಯಾರ್ಥಿಯು ಬಹುದಿನ ಕೇಳುತ್ತ ಕುಳಿತು, ಬಳಿಕ ಒಂದು ಪಂಕ್ತಿಯನ್ನು ವಿವರಿಸಲು ಅಪ್ಪಣೆ ಪಡೆದು, ಆಮೇಲೆ ಪೂರ್ವಪಕ್ಷ ಹೂಡುವ ಧೈರ್ಯಕ್ಕೆ ಬರುತ್ತಿದ್ದನು. ಮೆಟ್ಟಿಲುಗಳ ಆ ವಿವೇಕ ಇಂದಿಗೂ ಸಲ್ಲುತ್ತದೆ: ಮೊದಲ ತಿಂಗಳು ಹೆಸರಿಲ್ಲದ ಚೀಟಿ, ಮುಂದೆ ಹೆಸರುಳ್ಳ ಚೀಟಿ, ಆಮೇಲೆ ತಾನು ಬರೆದುದನ್ನು ತಾನೇ ಎದ್ದುನಿಂತು ಓದುವುದು, ವರ್ಷ ಮುಗಿಯುವ ಮುನ್ನ ಚೀಟಿಯನ್ನು ಮಡಿಸಿ ಜೇಬಿಗಿಟ್ಟು ನಾಲ್ಕು ಮಾತು. ಅರವತ್ತರಲ್ಲಿ ಇಪ್ಪತ್ತು ಮಂದಿ ಆ ಕೊನೆಯ ಮೆಟ್ಟಿಲು ಮುಟ್ಟಿದರೂ ಕೈಯೆತ್ತುತ್ತಿದ್ದ ನಾಲ್ಕೈದು ಮಂದಿಗೆ ಸರಿಸಾಟಿಗಳು ದೊರೆತಂತೆ. ಬಳಕೆ ಮುಗಿದ ಚೀಟಿಗಳನ್ನು ಉಪಾಧ್ಯಾಯರು ಹರಿದು ಹಾಕಬಹುದು. ಅವುಗಳ ನಕಲು ಎಲ್ಲಿಯೂ ಉಳಿದಿರುವುದಿಲ್ಲ.